ನಸುಕಿಗೆ ಬೋರ್ಡು ನೋಡುವ ಶೇಷಮ್ಮ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ. ಡಿಸೆಂಬರಿನ ಮಂಜಿನಲ್ಲಿ ಭದ್ರಾವತಿಯ ಈ ರಸ್ತೆಗೆ ಹಾಲಿನ ವ್ಯಾನು ಬಿಟ್ಟರೆ ಬೇರೆ ಗಾಡಿ ಬಂದಿಲ್ಲ. ಬಾಗಿಲು ಹಾಕಿದ ಸೈಕಲ್ ಅಂಗಡಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದಾರೆ. ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಗಂಡಸರ ಮಫ್ಲರು, ಕಾಲಲ್ಲಿ ಹವಾಯಿ ಚಪ್ಪಲಿ. ಎದುರಿನ ಮಹಡಿ ಕಟ್ಟಡದ ಮೇಲೆ ಉರಿಯುತ್ತಿರುವ ಬೋರ್ಡಿನಿಂದ ಕಣ್ಣು ಕೀಳದೆ ಆಕೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ತುಟಿ ಎಣಿಸುತ್ತಿದೆ. ನಲವತ್ತಕ್ಕೆ ನಿಲ್ಲುತ್ತಾರೆ. ಒಮ್ಮೆ ಕಣ್ಣು ಮುಚ್ಚಿ ತೆರೆದು ನೋಡುತ್ತಾರೆ. ಮತ್ತೆ ಎಂಬತ್ತರವರೆಗೆ. ಅಲ್ಲಿಯೂ ಅಷ್ಟೇ. ನೂರಿಪ್ಪತ್ತಕ್ಕೆ ಬರುವಾಗ ಚರಂಡಿಯ ಕಲ್ಲು ಹಿಮ್ಮಡಿಗೆ ತಗಲುತ್ತದೆ. ನಿಂತು, ಮೂಗಿನಲ್ಲೇ ಉಸಿರು ಬಿಟ್ಟು, ಯಾರಿಗೂ ಅಲ್ಲದೆ ಹೇಳಿಕೊಳ್ಳುತ್ತಾರೆ: “ಮತ್ತೆ ಬೆಳ್ಳಗಾಗಿದೆ.”

ಶೇಷಮ್ಮನವರಿಗೆ ನಲವತ್ತೆಂಟು ವರ್ಷ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯಲ್ಲಿ ಬೋರ್ಡು ತಯಾರಿಸುವ ಶೆಡ್ಡೊಂದರಲ್ಲಿ ಅವರ ಕೆಲಸ. ತಗಡಿನ ಪೆಟ್ಟಿಗೆಯೊಳಗೆ ಟ್ಯೂಬ್‌ಲೈಟು ಕೂರಿಸಿ, ಮುಂದೆ ಹಾಲುಬಣ್ಣದ ಹಾಳೆ ಬಿಗಿದು, ಹಾಳೆಯ ಮೇಲೆ ಅಕ್ಷರ ಅಂಟಿಸುವುದು. ಪೇಟೆಯವರು ಅದಕ್ಕೆ ಗ್ಲೋಸೈನ್ ಎನ್ನುತ್ತಾರೆ. ನಾವು ದಿನವೂ ನೂರಾರು ಗ್ಲೋಸೈನುಗಳ ಕೆಳಗೆ ಓಡಾಡುತ್ತೇವೆ. ಹಗಲಿಗೂ ಕಾಣಬೇಕು, ರಾತ್ರಿಗೂ ಕಾಣಬೇಕು ಎಂದರೆ ಯಾರೋ ಒಬ್ಬರು ಅದಕ್ಕಾಗಿ ತಲೆ ಕೆಡಿಸಿಕೊಂಡಿರಬೇಕು ಎಂದು ನಮಗೆ ಹೊಳೆಯುವುದಿಲ್ಲ.

“ಹಗಲು ಬೋರ್ಡನ್ನ ಮುಂದಿಂದ ನೋಡುತ್ತೆ. ರಾತ್ರಿ ಹಿಂದಿಂದ ನೋಡುತ್ತೆ,” ಎನ್ನುತ್ತಾರೆ ಶೇಷಮ್ಮ. “ಇಬ್ರಿಗೂ ಒಂದೇ ಮುಖ ತೋರಿಸ್ಬೇಕು. ಮನುಷ್ಯರ ಕೈಲೇ ಆಗಲ್ಲ ಅದು. ತಗಡಿನ ಡಬ್ಬದ ಕೈಲಿ ಮಾಡಿಸ್ಬೇಕು.”

ಅದಕ್ಕೇ ಈ ನಸುಕಿನ ಹೊತ್ತು. ಡಿಸೆಂಬರಿನಲ್ಲಿ ಐದೂ ಮುಕ್ಕಾಲಿನಿಂದ ಆರೂ ಮುಕ್ಕಾಲಿನವರೆಗೆ ಒಂದು ತಾಸು ನಿಂತರೆ ಸಾಕು, ಬೋರ್ಡಿನ ಎರಡೂ ಜನ್ಮ ಕಣ್ಣ ಮುಂದೆಯೇ ಕಳೆಯುತ್ತವೆ. ಮೊದಲು ಪೂರ್ತಿ ಕತ್ತಲು, ಒಳಗಿನ ದೀಪದ್ದೇ ಆಟ. ಆಮೇಲೆ ಎರಡು ಬೆಳಕೂ ಸಮಸಮ ಬರುವ ಹತ್ತು ನಿಮಿಷ. ಕೊನೆಗೆ ಹಗಲು. ಸಂಜೆಯೂ ಇದೇ ಆಗುತ್ತದಲ್ಲ, ಸಂಜೆಯೇ ನೋಡಬಹುದಲ್ಲ ಎಂದರೆ ಅವರು ನಗುತ್ತಾರೆ. “ಬೆಳಗಿನ ಜಾವ ಹೆಂಗಸು ರಸ್ತೇಲಿ ನಿಂತ್ರೆ ಯಾರೂ ಕೇಳಲ್ಲ. ಕಸ ಗುಡಿಸೋಕೆ ಬಂದಿದಾಳೆ, ಹಾಲಿಗೆ ಬಂದಿದಾಳೆ ಅನ್ಕೋತಾರೆ. ದೀಪ ಹಚ್ಚಿದ್ಮೇಲೆ ನಿಂತು ನೋಡಿ. ಊರಿಗೆ ಊರೇ ಕೇಳುತ್ತೆ.”

ಇವತ್ತು ಅವರು ನೋಡುತ್ತಿರುವುದು ಡಾಕ್ಟರ್ ಏಕಾಂತಪ್ಪನವರ ಹೊಸ ನರ್ಸಿಂಗ್ ಹೋಮಿನ ಬೋರ್ಡು. ಹನ್ನೆರಡಡಿ ಉದ್ದ, ಮೂರಡಿ ಅಗಲ. ನಿನ್ನೆ ಮಧ್ಯಾಹ್ನ ಮೇಲೇರಿಸಿದ್ದು. ಭಾನುವಾರ ಪೂಜೆ. ಮೊದಲಿನ ಹಾಗೆ ಅಕ್ಷರ ಅಂಟಿಸಿದ ಬೋರ್ಡಲ್ಲ ಇದು, ಎಂಟು ತಿಂಗಳ ಹಿಂದೆ ಶೆಡ್ಡಿಗೆ ಬಂದ ಫ್ಲೆಕ್ಸ್ ಮಿಷನ್ನಿನಲ್ಲಿ ಒಂದೇ ಏಟಿಗೆ ಮುದ್ರಿಸಿದ್ದು. ತಿಳಿಗುಲಾಬಿ ಹಿನ್ನೆಲೆ, ತಾಯಿ ಮಗುವಿನ ಫೋಟೊ, ಅದರ ಮೇಲೆ ಸಪೂರದ ಕೆಂಪು ಅಕ್ಷರ. ಹಗಲಿನಲ್ಲಿ ಕಣ್ಣಿಗೆ ಹಬ್ಬ. ಆದರೆ ರಾತ್ರಿ ಬರುವವರಿಗೆ ಇದು ಓದಲು ಸಿಗುವುದಿಲ್ಲ ಎನ್ನುವುದು ಶೇಷಮ್ಮನ ವಾದ. ಸಿಗುತ್ತದೆ, ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ ಎನ್ನುವುದು ಶೆಡ್ಡಿನ ಮಾಲೀಕ ಮಲ್ಲಿಕ್ ಅವರ ವಾದ. ಮೂರು ದಿನ ಇದೇ ಮಾತು ನಡೆದು, ಕೊನೆಗೆ ಶೇಷಮ್ಮ ತಾವೇ ಡಾಕ್ಟರ ಮನೆಗೆ ಹೋಗಿ, ಶುಕ್ರವಾರ ಬೆಳಿಗ್ಗೆ ಆರಕ್ಕೆ ರಸ್ತೆಗೆ ಬಂದು ಒಮ್ಮೆ ನೋಡಿ ಎಂದು ಕೇಳಿಕೊಂಡು ಬಂದಿದ್ದಾರೆ. ಆಳುಗಳು ಹೀಗೆ ಮಾಲೀಕರನ್ನು ದಾಟಿ ಗಿರಾಕಿಯ ಬಾಗಿಲಿಗೆ ಹೋಗುವುದಿಲ್ಲ. ಅದು ಅವರಿಗೂ ಗೊತ್ತು.

ಹಾಗೆ ದಾಟಿ ಹೋಗುವಂಥದ್ದು ಏನಿತ್ತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶೇಷಮ್ಮನ ಗಂಡ ರಾಮಯ್ಯ ಬೋರ್ಡು ಬರೆಯುತ್ತಿದ್ದರು. ಜನ್ನಾಪುರದ ಅವರ ಮನೆಯ ಮುಂದಿನ ಚಪ್ಪರವೇ ಅಂಗಡಿ. ಕಾರ್ಖಾನೆಯ ಕೆಲಸಗಾರರ ಸೈಕಲ್ಲಿನ ಹೆಸರಿನಿಂದ ಹಿಡಿದು ಲಾರಿಯ ಹಿಂಬದಿ, ಅಂಗಡಿ, ಶಾಲೆ, ಸೊಸೈಟಿಯವರೆಗೆ ಅವರು ಬರೆಯದ ಜಾಗವಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಶೇಷಮ್ಮ ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ಬ್ರಷ್ಷು ಹಿಡಿದರು. “ಅವರು ಗೆರೆ ಹಾಕೋರು. ನಾನು ಅಕ್ಷರದ ಹೊಟ್ಟೆ ತುಂಬಿಸ್ತಿದ್ದೆ. ಮಕ್ಕಳಿಗೆ ಊಟ ಹಾಕ್ದಂಗೆ, ಚೆಲ್ಲಬಾರ್ದು, ಕಮ್ಮಿನೂ ಆಗ್ಬಾರ್ದು.” ಗಾಜಿನ ಬೋರ್ಡನ್ನು ಹಿಂಬದಿಯಿಂದ ಬರೆಯಬೇಕಾಗುತ್ತದೆ. ಹಾಗೆ ಕನ್ನಡವನ್ನು ತಿರುಗುಮುರುಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಬರೆಯುವುದೂ ಅವರಿಗೆ ರೂಢಿಯಾಯಿತು. ಇವತ್ತಿಗೂ ಅವರು ಸರಿಯಾಗಿ ಬರೆಯುವುದಕ್ಕಿಂತ ತಿರುಗಿಸಿ ಬರೆಯುವುದೇ ಬೇಗ.

ತೊಂಬತ್ತಾರನೇ ಇಸವಿಯಲ್ಲಿ ಏಕಾಂತಪ್ಪನವರು ತಮ್ಮ ಚಿಕ್ಕ ದವಾಖಾನೆಗೆ ಒಳಗೆ ಲೈಟಿರುವ ಬೋರ್ಡು ಬೇಕು ಎಂದರು. ರಾಮಯ್ಯನವರಿಗೆ ಅದು ಮೊದಲನೆಯದು. ಅಕ್ರಿಲಿಕ್ ಹಾಳೆ ತಂದರು, ತಗಡಿಗೆ ಬಳಿಯುವ ಬಣ್ಣವನ್ನೇ ಬಳಿದರು. ಅವರು ಗೆರೆ, ಇವರು ಹೊಟ್ಟೆ. ಕೆಂಪು ಚೆನ್ನಾಗಿ ಕೂತಿತು, ಒಂದೇ ಕೋಟಿಗೆ, ಅಂದರೆ ಒಂದು ಸಲ ಬಳಿದಿದ್ದಕ್ಕೇ, ತುಂಬಿಕೊಂಡಿತು. ಬೆಳಿಗ್ಗೆ ಹನ್ನೊಂದು ಗಂಟೆಗೆ ತೆಗೆದುಕೊಂಡು ಹೋಗಿ ಕೂರಿಸಿದರು. ಸ್ವಿಚ್ಚು ಹಾಕಿ ನೋಡಿದರು, ಬಿಸಿಲಲ್ಲಿ ಕೆಂಪಗೆ ಕಂಡಿತು. ಕಾಂಪೌಂಡರು ಕಾಫಿ ತರಿಸಿದರು. ಕುಡಿದು ಮನೆಗೆ ಬಂದರು.

ಆಮೇಲೆ ಎರಡು ವರ್ಷ ಶೇಷಮ್ಮ ಆ ಬೋರ್ಡಿನ ಕೆಳಗೆ ಎಷ್ಟೋ ಸಲ ಹೋಗಿದ್ದಾರೆ. ಎಲ್ಲವೂ ಹಗಲಿನಲ್ಲಿ. ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಮನೆಯಲ್ಲಿರಬೇಕು ಎನ್ನುವ ಮನೆಯಲ್ಲಿ ಬೆಳೆದವರು, ಅಂಥದೇ ಮನೆಗೆ ಬಂದವರು. ರಾತ್ರಿ ಉರಿಯಲೆಂದೇ ಮಾಡಿದ ಬೋರ್ಡನ್ನು ಮಾಡಿದವಳು ರಾತ್ರಿ ನೋಡಿಯೇ ಇರಲಿಲ್ಲ. ರಾಮಯ್ಯನವರೂ ಸಂಜೆಯಾದರೆ ಚಪ್ಪರ ಬಿಟ್ಟು ಏಳುತ್ತಿರಲಿಲ್ಲ. ಯಾರೂ ಬಂದು ದೂರು ಹೇಳಲಿಲ್ಲ. ಬೋರ್ಡು ಕಾಣದವರು ದೂರು ಹೇಳಲು ಎಲ್ಲಿಗೆಂದು ಬರುತ್ತಾರೆ?

ತೊಂಬತ್ತೆಂಟರ ಶ್ರಾವಣ, ಮಳೆ. ರಾತ್ರಿ ಊಟಕ್ಕೆ ಕೂತ ರಾಮಯ್ಯನವರ ಬಲಗೈಯಿಂದ ತುತ್ತು ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ಪಕ್ಕದ ಮನೆಯವರು ಆಟೋ ತಂದರು, ಡ್ರೈವರ್ ಊರಿಗೆ ಹೊಸಬ. ಶೇಷಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಂಪಕ್ಷರದ ಬೋರ್ಡು ಬರುತ್ತೆ, ಅಲ್ಲಿ ನಿಲ್ಲಿಸಪ್ಪ ಎಂದರು. ಬೀದಿದೀಪ ಇರಲಿಲ್ಲ. ಮಳೆಯಲ್ಲಿ ಸಾಲಾಗಿ ನಾಲ್ಕು ಬೆಳಕಿನ ಪೆಟ್ಟಿಗೆಗಳು ಬಂದವು. ನಾಲ್ಕೂ ಬೆಳ್ಳಗೆ. ಕೆಂಪು ಎಲ್ಲಿಯೂ ಇಲ್ಲ. ಆಟೋ ಮುಂದೆ ಹೋಯಿತು, ಹೊಳೆಯ ಸೇತುವೆಯವರೆಗೂ ಹೋಯಿತು. ಅಲ್ಲಿ ತಪ್ಪಿದೆವು ಎಂದು ತಿಳಿದು ತಿರುಗಿಸಿಕೊಂಡು, ಮಲಗಿದ್ದ ಹೋಟೆಲಿನವರನ್ನು ಎಬ್ಬಿಸಿ ಕೇಳಿ, ದವಾಖಾನೆಯ ಬಾಗಿಲು ತಟ್ಟುವಾಗ ಅವರು ತಲೆಯೆತ್ತಿ ನೋಡಿದರು. ಪೆಟ್ಟಿಗೆಯೊಳಗಿನ ದೀಪ ಒಂದು ಕೋಟಿನ ಬಣ್ಣವನ್ನು ತೂರಿಕೊಂಡು ಹೊರಗೆ ಬರುತ್ತಿತ್ತು. ಅವರು ತುಂಬಿಸಿದ ಅಕ್ಷರಗಳ ಹೊಟ್ಟೆಯಲ್ಲಿ ಬ್ರಷ್ಷಿನ ಎಳೆ ಬಿಟ್ಟರೆ ಬೇರೇನೂ ಇರಲಿಲ್ಲ.

“ನೀರು ಜಾಸ್ತಿಯಾದ ಸಾರು ನೋಡಿ, ಹಂಗಿತ್ತು ಕೆಂಪು,” ಎನ್ನುತ್ತಾರೆ. ಎಷ್ಟು ಹೊತ್ತು ತಡವಾಯಿತು ಎಂದು ಅವರು ಲೆಕ್ಕ ಹಾಕಿಲ್ಲ. ಬೇಗ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನೂ ಕೇಳಿಲ್ಲ. “ಕೇಳಿದ್ರೆ ಹೇಳಿಬಿಡ್ತಾರೆ ಅಂತ ಕೇಳ್ಲಿಲ್ಲ.”

ರಾಮಯ್ಯ ಉಳಿದರು. ಬಲಗೈ ಉಳಿಯಲಿಲ್ಲ. ಮಾತು ಹೋಗಿತ್ತು, ನಿಧಾನವಾಗಿ ಬಂತು. ನೀರು, ಬೇಡ, ಸಾಕು, ಹೀಗೆ ಬಿಡಿಬಿಡಿಯಾಗಿ. ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಕೈಗೆ ಎಣ್ಣೆ ತಿಕ್ಕುತ್ತಿದ್ದಾಗ ಅವರ ಬಾಯಿಂದ ಒಂದು ಇಡೀ ಮಾತು ಹೊರಟಿತು. “ಒಂದೇ ಕೋಟ್ ಹಾಕಿದ್ವಿ ಕಣೆ.”

ತೊಡೆಯ ಮೇಲೆ ಮಲಗಿದ್ದವರು ಆಟೋದ ಸಂದಿಯಿಂದ ಆ ಬಿಳೀ ಪೆಟ್ಟಿಗೆಯನ್ನು ನೋಡಿದ್ದರು. ಗುರುತು ಹಿಡಿದಿದ್ದರು. ಹೇಳಲು ಬಾಯಿ ಬಂದಿರಲಿಲ್ಲ. ಅದೇ ವಾರ ಶೇಷಮ್ಮ ಆ ಬೋರ್ಡನ್ನು ಇಳಿಸಿ ತಂದು, ಹಿಂದೆ ಮುಂದೆ ಎರಡು ಸಲ ಬಳಿದು, ವಾಪಸು ಹಾಕಿಸಿ ಬಂದರು. ಅದಾದ ಮೇಲೆ ರಾಮಯ್ಯ ಯಾವ ಬೋರ್ಡಿನ ಸುದ್ದಿಯನ್ನೂ ಎತ್ತಿಲ್ಲ. ಶೇಷಮ್ಮ ಮಾತ್ರ ಮುಂದಿನ ಜನವರಿಯಲ್ಲಿ ಮಾಚೇನಹಳ್ಳಿಯ ಬಸ್ಸು ಹತ್ತಿದರು.

ಮಲ್ಲಿಕ್ ಅವರ ಶೆಡ್ಡಿನಲ್ಲಿ ಮೊದಲು ಸಿಕ್ಕಿದ್ದು ನೆಲ ಗುಡಿಸುವ, ಹಾಳೆ ತೊಳೆಯುವ ಕೆಲಸ. ಆರನೇ ತಿಂಗಳಿಗೆ ಅಕ್ಷರ ಅಂಟಿಸುವ ಮೇಜಿಗೆ ಬಂದರು. ಅಲ್ಲಿಂದ ಇಲ್ಲಿಗೆ ಐದು ವರ್ಷ, ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಬೋರ್ಡು. ಶಿವಮೊಗ್ಗದ ಗೋಪಾಳದ ಬೇಕರಿ, ರಾಗಿಗುಡ್ಡದ ಹತ್ತಿರದ ಮೆಡಿಕಲ್ ಸ್ಟೋರು, ಲಾಡ್ಜು, ಕಲ್ಯಾಣ ಮಂಟಪ, ಹೀಗೆ ಅವರ ಕೈ ದಾಟಿ ಹೋದವು ಸಾವಿರದ ಮೇಲಿವೆ. ಒಂದರ ಮೇಲೂ ಅವರ ಹೆಸರಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರೆ. ಗಂಡನ ಕೈಗೆ ಎಣ್ಣೆ, ಬಿಸಿನೀರು, ಮಧ್ಯಾಹ್ನದವರೆಗಿನ ಅಡುಗೆ. ಬೋರ್ಡು ನೋಡುವ ದಿನವಾದರೆ ಐದೂವರೆಗೆ ರಸ್ತೆಯಲ್ಲಿ, ಇಲ್ಲದಿದ್ದರೆ ಎಂಟೂ ಕಾಲಿನ ಬಸ್ಸಿಗೆ. ಮೇಜಿನ ಮುಂದೆ ದಿನಕ್ಕೆ ಒಂಬತ್ತು ತಾಸು ನಿಂತೇ ಕೆಲಸ. ಮೇಜೆಂದರೆ ಗಾಜಿನದು, ಕೆಳಗೆ ಆರು ಟ್ಯೂಬು ಉರಿಯುತ್ತಿರುತ್ತವೆ. ಸೋಪಿನ ನೀರು ಚಿಮುಕಿಸಿ ಸ್ಟಿಕ್ಕರ್ ಅಕ್ಷರವನ್ನು ಹಾಳೆಯ ಮೇಲೆ ಕೂರಿಸಿ, ಹಳೇ ರವಿಕೆ ಬಟ್ಟೆ ಸುತ್ತಿದ ರಟ್ಟಿನಿಂದ ನೀರು ತಳ್ಳಿ, ಉಳಿದ ಗಾಳಿಗುಳ್ಳೆಗಳನ್ನು ಹೊಲಿಗೆ ಸೂಜಿಯಿಂದ ಚುಚ್ಚಿ ಕೂರಿಸುತ್ತಾರೆ. ಒಂದು ಬೋರ್ಡಿಗೆ ಇನ್ನೂರು ಮುನ್ನೂರು ಗುಳ್ಳೆ. ಹಗಲಿಗೆ ಒಂದೂ ಕಾಣುವುದಿಲ್ಲ, ರಾತ್ರಿ ಪ್ರತಿಯೊಂದೂ ನಕ್ಷತ್ರ.

ಅಳತೆಗೆ ಅವರಿಗೆ ಗೇಣೇ ಟೇಪು. ಟ್ಯೂಬಿಗೂ ಹಾಳೆಗೂ ಒಂದು ಗೇಣು ಬಿಡಬೇಕು, ಟ್ಯೂಬಿಗೂ ಟ್ಯೂಬಿಗೂ ಒಂದು ಗೇಣು. ಹಾಳೆಗೆ ತೀರ ಹತ್ತಿರವಾದರೆ ಮುಖದ ಮೇಲೆ ಹುಲಿಪಟ್ಟೆ ಬೀಳುತ್ತದೆ. ದೂರವಾದರೆ ಮಂಕು. ಬಿಳೀ ಅಕ್ಷರ ರಾತ್ರಿ ಅಕ್ಕಿ ಬೆಂದ ಹಾಗೆ ಉಬ್ಬುತ್ತದೆ, ಅದಕ್ಕೆ ನಡುವೆ ಜಾಗ ಬಿಡಬೇಕು. ಬಣ್ಣದ ಅಕ್ಷರವನ್ನು ಬೆಳಕು ಎರಡು ಕಡೆಯಿಂದಲೂ ತಿನ್ನುತ್ತದೆ, ಅದಕ್ಕೆ ತುಸು ದಪ್ಪ ಮಾಡಬೇಕು. ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗದ ಹಾಗೆ ಅಗಲಿಸಬೇಕು. ಮತ್ತೆ ಕೆಂಪಿಗೆ, ನೀಲಿಗೆ, ಹಸಿರಿಗೆ ಹಾಳೆಯ ಹಿಂಬದಿಯಲ್ಲೂ ಅದೇ ಬಣ್ಣದ ಇನ್ನೊಂದು ಪದರ, ತಿರುಗುಮುರುಗು ಕತ್ತರಿಸಿದ್ದು. ಹಗಲಿಗೆ ಮುಂದಿನ ಪದರ ಮಾತ್ರ ಕಾಣುತ್ತದೆ. ರಾತ್ರಿ ಎರಡೂ ಸೇರಿ ಬೆಳಕನ್ನು ತಡೆಯುತ್ತವೆ. ಎರಡು ಪದರ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಬೀಳುತ್ತದೆ. ಇದನ್ನೆಲ್ಲ ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ಮೊಣಕಾಲು ಊದಿರುತ್ತದೆ. ಕಣ್ಣಲ್ಲಿ ಸದಾ ನೀರು. “ಮಲ್ಕೊಂಡು ಕಣ್ಮುಚ್ಚಿದ್ರೂ ಟ್ಯೂಬು ಆರಲ್ಲ. ಆರು ಗೆರೆ ಹಂಗೇ ಉರೀತಿರುತ್ವೆ. ನಿದ್ದೆ ಬಂದ್ಮೇಲೆ ಆರುತ್ತೋ ಏನೋ, ನಾನು ನೋಡಿಲ್ಲ.”

ಫ್ಲೆಕ್ಸ್ ಮಿಷನ್ ಬಂದ ಮೇಲೆ ಮೇಜಿನ ಕೆಲಸ ಕಡಿಮೆಯಾಗಿದೆ. ಇಬ್ಬರು ಬಿಟ್ಟು ಹೋದರು. ಮಲ್ಲಿಕ್ ಕೆಟ್ಟವರಲ್ಲ, ಶೇಷಮ್ಮನನ್ನು ಒಂದು ದಿನವೂ ಗದರಿದವರಲ್ಲ. ಆದರೆ ಅವರ ಮಾತಿನಲ್ಲೂ ಕಾರಣವಿದೆ. “ಈಗ ಬೋರ್ಡು ಬಟ್ಟೆ ಇದ್ದಂಗೆ ಶೇಷಮ್ಮ. ವರ್ಷಕ್ಕೊಂದ್ಸಲ ಬದಲಾಯಿಸ್ತಾರೆ. ಜನಕ್ಕೆ ಓದೋಕೆ ಬೇಡ, ನೋಡೋಕೆ ಬೇಕು.” ಮಿಷನ್ ನಡೆಸುವ ಅಮೂಲ್ಯ ಕಂಪ್ಯೂಟರ್ ಕಲಿತ ಹುಡುಗಿ. ಅವಳಿಗೆ ಶೇಷಮ್ಮನನ್ನು ಕಂಡರೆ ಇಷ್ಟ, ಆದರೆ ಆಂಟಿಯ ಎರಡು ಪದರದ ಮಾತೆಂದರೆ ನಗು. ಕಂಪ್ಯೂಟರಿನಲ್ಲಿ ಕೆಂಪು ಅಂತ ಕೊಟ್ಟರೆ ಕೆಂಪೇ ಬರುತ್ತೆ ಎನ್ನುತ್ತಾಳೆ. “ನಿನ್ನ ಕಂಪ್ಯೂಟರ್ ರಾತ್ರಿ ರಸ್ತೇಲಿ ನಿಂತು ನೋಡುತ್ತೇನೆ ಮಾರಾಯ್ತಿ?” ಎಂದು ಇವರು.

ನಗುನಗುತ್ತಾ ನಡೆಯುತ್ತಿದ್ದ ಈ ವಾದ ಏಕಾಂತಪ್ಪನವರ ಬೋರ್ಡು ಬಂದಾಗ ನಗುವಾಗಿ ಉಳಿಯಲಿಲ್ಲ. ಅದೇ ಡಾಕ್ಟರು, ಅದೇ ರಸ್ತೆ, ಅದೇ ಜಾಗ. ಹಳೇ ದವಾಖಾನೆ ಕೆಡವಿ ಕಟ್ಟಿದ ಕಟ್ಟಡದ ನೆತ್ತಿಯ ಮೇಲೆ ಮತ್ತೆ ಒಂದೇ ಪದರದ ಕೆಂಪು.

ಆರು ಗಂಟೆ ಹೊಡೆದ ಮೇಲೆ ಡಾಕ್ಟರು ಬರುತ್ತಾರೆ. ಅರವತ್ತು ದಾಟಿದವರು, ಸ್ವೆಟರಿನ ಮೇಲೆ ಶಾಲು. ಹಿಂದೆಯೇ ಮಲ್ಲಿಕ್ ಅವರ ಸ್ಕೂಟರ್ ನಿಲ್ಲುತ್ತದೆ. ಅವರು ಶೇಷಮ್ಮನ ಕಡೆ ನೋಡುವುದಿಲ್ಲ, ಬೋರ್ಡಿನ ಕಡೆಯೇ ನೋಡಿಕೊಂಡು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಾರೆ.

“ಎಲ್ಲಿ ನಿಂತು ಓದ್ಬೇಕಮ್ಮ?” ಎನ್ನುತ್ತಾರೆ ಡಾಕ್ಟರು. “ನಂದೇ ಹೆಸ್ರು. ಕಣ್ಣು ಮುಚ್ಚಿ ಬೇಕಾದ್ರೂ ಓದ್ತೀನಿ.”

“ಅದಕ್ಕೇ ನಿಮ್ಮನ್ನ ಕೇಳಲ್ಲ ಸಾರ್.”

ಶೇಷಮ್ಮ ಹೋಗಿ, ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ ಆಟೋದವನನ್ನು ಕರೆದುಕೊಂಡು ಬರುತ್ತಾರೆ. ಮನೆಮಾತು ತಮಿಳು, ಕನ್ನಡ ಓದಲು ಬರುತ್ತದೆ. ನೂರಿಪ್ಪತ್ತು ಹೆಜ್ಜೆಯ ಕಲ್ಲಿನ ಮೇಲೆ ನಿಲ್ಲಿಸಿ, ಏನು ಬರೆದಿದೆ ಹೇಳಣ್ಣ ಎನ್ನುತ್ತಾರೆ. ಅವನು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿ, ಕುತ್ತಿಗೆ ಉದ್ದ ಮಾಡಿ ನೋಡುತ್ತಾನೆ. ಡಾಕ್ಟರು, ಮಾಲೀಕರು, ಈ ಹೆಂಗಸು, ಮೂವರೂ ತನ್ನ ಬಾಯನ್ನೇ ನೋಡುತ್ತಿರುವುದರಿಂದ ಅವನಿಗೆ ದಿಗಿಲು.

“ಕೂಸಿನ ಫೋಟೊ ಕಾಣ್ತದೆ ಅಕ್ಕಾ. ಸೋಪಿನ ಅಂಗಡಿಯಾ?”

ಡಾಕ್ಟರಿಗೆ ನಗು ಬಂದುಬಿಡುತ್ತದೆ. ಮಲ್ಲಿಕ್ ಅವರಿಗೆ ಬರುವುದಿಲ್ಲ. ಅಕ್ಷರ ಕಾಣಲ್ವೇನೋ ಎಂದು ಅವರೇ ಕೇಳುತ್ತಾರೆ. ಏನೋ ಗೀಚಿದಂಗಿದೆ ಎಂದು ಅವನು.

ಬೆಳಕು ಹರಿಯುವುದನ್ನು ಕಾಯುತ್ತಾ ನಾಲ್ವರೂ ಅಲ್ಲೇ ನಿಲ್ಲುತ್ತಾರೆ. ಕಾರ್ಖಾನೆಯ ಸೈರನ್ ಕೂಗುತ್ತದೆ. ಮಂಜಿನ ಹಿಂದೆ ಆಕಾಶ ಬೂದಿಯಾಗಿ, ಬೂದಿ ತೆಳ್ಳಗಾಗುತ್ತಾ ಬರುತ್ತದೆ. ಎರಡು ಬೆಳಕು ಸಮನಾದ ಗಳಿಗೆಯಲ್ಲಿ ಬೋರ್ಡು ಏನೂ ಅಲ್ಲದ ಹಾಗೆ, ಬಣ್ಣ ಹೋದ ಪರದೆಯ ಹಾಗೆ ನೇತಾಡುತ್ತದೆ. ಆಮೇಲೆ ಆರೂ ಮುಕ್ಕಾಲಿಗೆ ಕೆಂಪು ಅಕ್ಷರಗಳು ಒಂದೊಂದಾಗಿ ಮೇಲೆ ಬರತೊಡಗುತ್ತವೆ. ಆಟೋದವನು ಈಗ ಗಟ್ಟಿಯಾಗಿ, ಶಾಲೆಯ ಹುಡುಗನ ಹಾಗೆ, ಹೆಸರು ಓದುತ್ತಾನೆ.

ಈಗ ಕಾಣುತ್ತಲ್ಲ ಎನ್ನುತ್ತಾರೆ ಡಾಕ್ಟರು.

“ಈಗ ಕಾಣುತ್ತೆ ಸಾರ್. ಈಗ ಬರೋರು ನಾಲ್ಕು ಜನನ ಕೇಳ್ಕೊಂಡಾದ್ರೂ ಬರ್ತಾರೆ,” ಎನ್ನುತ್ತಾರೆ ಶೇಷಮ್ಮ. ಅವರ ದನಿ ಏರುವುದಿಲ್ಲ, ದಣಿದಿದೆ. “ಕೇಳೋಕೆ ರಸ್ತೇಲಿ ಯಾರೂ ಇಲ್ಲದ ಹೊತ್ತಲ್ಲಿ ಬರ್ತಾರಲ್ಲ, ಅವರಿಗೆ ಅಲ್ವಾ ಸಾರ್ ಲೈಟು ಹಾಕೋದು?”

ಡಾಕ್ಟರು ಅವರನ್ನು ನೋಡುತ್ತಾರೆ. ಐದು ವರ್ಷದ ಹಿಂದಿನ ಆ ರಾತ್ರಿ ಬಾಗಿಲು ತೆಗೆದವರು ಅವರೇ. ರಾಮಯ್ಯ ಹೇಗಿದ್ದಾರೆ ಎಂದು ಕೇಳುತ್ತಾರೆ. ಹಾಗೇ ಇದ್ದಾರೆ ಎನ್ನುತ್ತಾರೆ ಶೇಷಮ್ಮ. ಅಷ್ಟೇ. ಆಮೇಲೆ ಡಾಕ್ಟರು ಮಲ್ಲಿಕ್ ಕಡೆ ತಿರುಗಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೂಜೆ, ಅಷ್ಟರೊಳಗೆ ಬೇರೆ ಆಗುತ್ತೇನಪ್ಪ ಎನ್ನುತ್ತಾರೆ. ಫೋಟೊ ಮಾತ್ರ ತೆಗೆಯಬೇಡಿ, ಸೊಸೆ ಆರಿಸಿದ್ದು, ಮನೆಯಲ್ಲಿ ಜಗಳವಾಗುತ್ತೆ.

ಮಲ್ಲಿಕ್ ಸ್ಕೂಟರ್ ಸ್ಟಾರ್ಟ್ ಮಾಡಿ, ಎರಡು ಮಾರು ಹೋಗಿ, ನಿಲ್ಲಿಸುತ್ತಾರೆ. “ಹತ್ತಿ ಶೇಷಮ್ಮ. ಬಸ್ಸು ಕಾಯ್ತಾ ಕೂತ್ರೆ ಎಂಟೂವರೆ ಆಗುತ್ತೆ.” ಐದು ವರ್ಷದಲ್ಲಿ ಮೊದಲ ಸಲ ಅವರು ಮಾಲೀಕರ ಸ್ಕೂಟರಿನ ಹಿಂದೆ ಕೂತು ಕೆಲಸಕ್ಕೆ ಹೋಗುತ್ತಾರೆ, ಒಂದು ಕೈಯಲ್ಲಿ ಸೀಟಿನ ಕಂಬಿ, ಒಂದು ಕೈಯಲ್ಲಿ ಊಟದ ಡಬ್ಬಿ.

ಆ ಶುಕ್ರವಾರದ ಹಗಲು ಶೆಡ್ಡಿನಲ್ಲಿ ಬೇರೆ ಕೆಲಸವಿಲ್ಲ. ಶೇಷಮ್ಮ ಹೇಳಿದ ಹಾಗೆ ಅಮೂಲ್ಯ ಫೋಟೊವನ್ನು ಒಂದು ಬದಿಗೆ ಸರಿಸುತ್ತಾಳೆ. ಅಕ್ಷರದ ಹಿಂದೆ ಬರೀ ಬಿಳಿ. ಅಕ್ಷರ ದಪ್ಪ. ಇಷ್ಟು ಸಾಕಾ ಆಂಟಿ? ಇನ್ನೊಂಚೂರು. ಇಷ್ಟು? ಈಗ ಒತ್ತಕ್ಷರ ಅಗಲ ಮಾಡು. ಮಿಷನ್ನಿಂದ ಹೊಸ ಹಾಳೆ ಬರುವಷ್ಟರಲ್ಲಿ ಶೇಷಮ್ಮ ಕೆಂಪು ಸ್ಟಿಕ್ಕರಿನ ಮೇಲೆ ಅದೇ ಅಕ್ಷರಗಳನ್ನು ತಿರುಗುಮುರುಗಾಗಿ ಗೆರೆ ಎಳೆದು ಬ್ಲೇಡಿನಿಂದ ಕತ್ತರಿಸಿರುತ್ತಾರೆ. ಹಾಳೆಯನ್ನು ಗಾಜಿನ ಮೇಜಿನ ಮೇಲೆ ಬೋರಲು ಹಾಕಿ, ಕೆಳಗಿನ ಟ್ಯೂಬುಗಳನ್ನು ಹೊತ್ತಿಸಿ, ಮುದ್ರಿಸಿದ ಅಕ್ಷರದ ನೆರಳಿನ ಮೇಲೆ ಕತ್ತರಿಸಿದ ಅಕ್ಷರ ಕೂರಿಸುತ್ತಾ ಹೋಗುತ್ತಾರೆ. ಬಗ್ಗಿದ ಬೆನ್ನು ಎರಡು ತಾಸು ಏಳುವುದಿಲ್ಲ. ಗುಳ್ಳೆ ಚುಚ್ಚಲು ಅಮೂಲ್ಯಳೂ ಒಂದು ಸೂಜಿ ತೆಗೆದುಕೊಂಡು ನಿಲ್ಲುತ್ತಾಳೆ. ನೂರರವರೆಗೆ ಎಣಿಸಿ ಬಿಟ್ಟುಬಿಡುತ್ತಾಳೆ. ದಿನಾ ಇಷ್ಟು ಚುಚ್ತೀರಾ ಎಂದು ಕೇಳುತ್ತಾಳೆ. ದಿನಾ ಎನ್ನುತ್ತಾರೆ ಇವರು.

ಇನ್ನು ಮುಂದೆ ರಾತ್ರಿ ಉರಿಯುವ ಬೋರ್ಡು ಬಂದರೆ ಮೊದಲು ಶೇಷಮ್ಮನಿಗೆ ತೋರಿಸು ಎಂದು ಮಲ್ಲಿಕ್ ಅಮೂಲ್ಯಳಿಗೆ ಹೇಳಿದ್ದಾರೆ. ಎಷ್ಟು ದಿನ ಹೀಗೆ ಎಂದು ಅವರು ಹೇಳಿಲ್ಲ, ಇವರು ಕೇಳಿಲ್ಲ. ಪೇಟೆಯಲ್ಲಿ ಹೊಸ ಮಿಷನ್‌ಗಳು ಬರುತ್ತಲೇ ಇವೆ. “ಕಾಲು ನಿಲ್ಲೋವರೆಗೂ ನಿಲ್ತೀನಿ. ಆಮೇಲೆ ಆ ಹುಡುಗಿ ನೋಡ್ಕೋತಾಳೆ. ಸೂಜಿ ಹಿಡಿಯೋಕೆ ಬಂತು ಅವ್ಳಿಗೆ.”

ಭಾನುವಾರ, ಮತ್ತೆ ಐದೂ ಮುಕ್ಕಾಲು. ಅದೇ ಆಟೋ ಜನ್ನಾಪುರದ ಕಡೆಯಿಂದ ಬಂದು ನೂರಿಪ್ಪತ್ತು ಹೆಜ್ಜೆಯ ಕಲ್ಲಿನ ಬಳಿ ನಿಲ್ಲುತ್ತದೆ. ಒಳಗೆ ಕಂಬಳಿ ಹೊದ್ದು ಕೂತವರು ರಾಮಯ್ಯ. ಬರಲು ಒಪ್ಪಿರಲಿಲ್ಲ. ನನಗೇನಿದೆ ಅಲ್ಲಿ ಎಂದಿದ್ದರು. ಹಿಂದಿನ ರಾತ್ರಿಯೇ ಶೇಷಮ್ಮ ಅವರ ಸ್ವೆಟರ್ ತೆಗೆದು ದಿಂಬಿನ ಪಕ್ಕ ಇಟ್ಟಿದ್ದರು, ಮಾತು ಬೆಳೆಸಿರಲಿಲ್ಲ. ನಾಲ್ಕಕ್ಕೆ ಎದ್ದು ನೋಡಿದರೆ ಎಡಗೈಯಲ್ಲೇ ಒಂದು ತೋಳು ಹಾಕಿಕೊಂಡು ಕೂತಿದ್ದರಂತೆ.

ಮಂಜು ಮೊನ್ನೆಗಿಂತ ಜೋರಾಗಿದೆ. ಕತ್ತಲಲ್ಲಿ ಒಂದೇ ಬೆಳಕು, ಆ ಬೆಳಕಿನಲ್ಲಿ ಕೆಂಪು. ಗುಲಾಬಿಯಲ್ಲ, ಕೇಸರಿಯಲ್ಲ, ಕೆಂಪು. ಏಕಾಂತಪ್ಪ ನರ್ಸಿಂಗ್ ಹೋಂ, ಕೆಳಗೆ ದಿನದ ಇಪ್ಪತ್ತನಾಲ್ಕು ಗಂಟೆ. ಆಟೋದವನು ಯಾರೂ ಕೇಳದೆಯೇ ಓದಿ ಮುಗಿಸುತ್ತಾನೆ. ರಾಮಯ್ಯ ಓದುವುದಿಲ್ಲ. ಕಂಬಳಿಯ ಹೊರಗಿರುವ ಎಡಗೈಯ ಬೆರಳು ಮಾತ್ರ ಮೊಣಕಾಲಿನ ಮೇಲೆ ನಿಧಾನವಾಗಿ ಓಡುತ್ತದೆ, ಏರಿ, ಬಾಗಿ, ಸುತ್ತಿಕೊಂಡು, ಇಳಿದು. ಕೊನೆಯ ಅಕ್ಷರದವರೆಗೂ ಹೋಗಿ ನಿಲ್ಲುತ್ತದೆ.

“ಎಷ್ಟ್ ಕೋಟು?”

“ಎರಡು,” ಎನ್ನುತ್ತಾರೆ ಶೇಷಮ್ಮ.

ರಾಮಯ್ಯ ತಲೆಯಾಡಿಸುತ್ತಾರೆ. ಆಮೇಲೆ ಮಾತನ್ನು ಹುಡುಕಿ ಹುಡುಕಿ, ಒತ್ತಕ್ಷರ ದಪ್ಪ ಆಯ್ತು, ನಿಂದು ಯಾವಾಗಲೂ ಅಷ್ಟೇ, ಕೆಳಗೆ ಜಾಗ ಬಿಡಲ್ಲ ಎನ್ನುತ್ತಾರೆ. ಐದು ವರ್ಷದಲ್ಲಿ ಅವರು ಒಂದು ಬೋರ್ಡಿನ ಬಗ್ಗೆ ಆಡಿದ ಮೊದಲ ಮಾತುಗಳಿವು. ಶೇಷಮ್ಮ ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅವರ ಕಣ್ಣಲ್ಲಿ ಸದಾ ನೀರು, ಇದು ಯಾವುದೆಂದು ಹೇಳುವುದು ಕಷ್ಟ.

ಬೆಳಕು ಏರುತ್ತದೆ. ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಒಳಗಿನ ದೀಪ ಯಾವಾಗ ಸೋತಿತು, ಹೊರಗಿನ ಹಗಲು ಯಾವಾಗ ಗೆದ್ದಿತು ಎಂದು ಅಕ್ಷರದಲ್ಲಿ ಗೊತ್ತಾಗುವುದಿಲ್ಲ. ನರ್ಸಿಂಗ್ ಹೋಮಿನ ಬಾಗಿಲಿಗೆ ಮಾವಿನೆಲೆ ಕಟ್ಟಲು ಜನ ಬರುತ್ತಾರೆ. ಪೂಜೆಗೆ ನಿಲ್ಲಿ ಎಂದರೆ ಶೇಷಮ್ಮ ನಿಲ್ಲುವವರಲ್ಲ. ಗಂಡನಿಗೆ ತಿಂಡಿಯಾಗಬೇಕು, ಮಾತ್ರೆ ಕೊಡಬೇಕು, ಬಟ್ಟೆ ನೆನೆಸಿಟ್ಟು ಬಂದಿದ್ದಾರೆ.

ಆಟೋ ಹತ್ತುವ ಮೊದಲು, ಇಷ್ಟು ಬೋರ್ಡು ಮಾಡಿದ ಮೇಲೆ ಇನ್ನೇನು ಆಸೆ ಎಂದು ಕೇಳಿದರೆ ಅವರು ಏನೂ ಇಲ್ಲ ಎನ್ನುತ್ತಾರೆ. ಹೊರಟ ಗಾಡಿಯನ್ನು ಕೈಯಿಂದ ತಡೆದು, ತಲೆ ಹೊರಗೆ ಹಾಕುತ್ತಾರೆ.

“ಒಂದ್ ದಿನ ರಾತ್ರಿ ಎಂಟು ಗಂಟೆಗೆ ಬರ್ಬೇಕು. ಇಲ್ಲೇ, ಈ ಕಲ್ಲಿನ್ಮೇಲೆ ನಿಂತ್ಕೊಂಡು ನೋಡ್ಬೇಕು. ಸುಮ್ನೆ. ಅರ್ಜೆಂಟ್ ಏನೂ ಇಲ್ದೆ.”